ಕೆಂಪು ಒತ್ತಿದವಳು

ಡ್ರಮ್ಮಿನೊಳಗೆ ತಲೆ ಹಾಕಿ ಉಜ್ಜುವ ಕೆಲಸಕ್ಕೆ ಯಾರೂ ಸಂದರ್ಶನ ಮಾಡುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡ್ತೀಯಾ, ನಗ್ತೀಯಾ, ನಿನ್ನ ಬಗ್ಗೆ ಎರಡು ಮಾತು ಹೇಳ್ತೀಯಾ ಎಂದು ಕೇಳುವುದಿಲ್ಲ. ಎರಡು ಕೈ ಇದೆಯಾ, ಬಾ. ಅಷ್ಟೇ. ಕೋರದ ಕಾಲೋನಿಯ ಹನುಮಕ್ಕ ಅಂತರಸನಹಳ್ಳಿಯ ಒಂದು ಶೆಡ್ಡಿನಲ್ಲಿ ಮೂರು ವರ್ಷ ಆ ಕೆಲಸ ಮಾಡಿದಳು. ಅವಳ ಅವ್ವ ನರಸಿಂಹಮ್ಮ ಹದಿನಾಲ್ಕು ವರ್ಷದಿಂದ ಮಾಡುತ್ತಿದ್ದಾಳೆ.

ಬಣ್ಣದ ಕಾರ್ಖಾನೆಗಳಿಂದ ಬರುವ ಖಾಲಿ ಡ್ರಮ್ಮುಗಳು. ಒಳಗೆ ಒಣಗಿ ಅಂಟಿದ್ದನ್ನು ಕಾಸ್ಟಿಕ್ ಸೋಡಾದ ನೀರು ಸುರಿದು, ತಂತಿ ಬ್ರಷ್ಷಿನಲ್ಲಿ ಕೆರೆಯಬೇಕು. ಸಂಜೆಯ ಹೊತ್ತಿಗೆ ಬೆರಳ ತುದಿ ಬೆಂದ ಗೆಣಸಿನ ಸಿಪ್ಪೆಯ ಹಾಗೆ ಸುಲಿದು ಬರುತ್ತದೆ. ಮುದ್ದೆ ಮುರಿದು ಸಾರಿಗೆ ಅದ್ದಿದರೆ ಉರಿ ಮೊಣಕೈವರೆಗೆ ಏರುತ್ತದೆ. ಎಡಗೈಯಲ್ಲಿ ತಿನ್ನೋಣವೆಂದರೆ ಅದೂ ಅಷ್ಟೇ.

ಹನುಮಕ್ಕ ಪಿಯುಸಿ ಪಾಸಾದವಳು. ಅವಳಿಗೆ ಆಟಿಸಂ ಎಂದು ಗೊತ್ತಾದದ್ದು ಹನ್ನೊಂದನೇ ವಯಸ್ಸಿನಲ್ಲಿ, ಆಸ್ಪತ್ರೆಯ ಚೀಟಿಯಿಂದ. ಅದಕ್ಕೆ ಮೊದಲು ಕಾಲೋನಿಯವರ ಬಾಯಲ್ಲಿ ಅವಳು ಮೊದ್ದು, ಮೇಷ್ಟರ ಬಾಯಲ್ಲಿ ಅಹಂಕಾರಿ. ಕರೆದರೆ ತಿರುಗಿ ನೋಡುವುದಿಲ್ಲ, ಮುಖ ನೋಡಿ ಮಾತಾಡುವುದಿಲ್ಲ, ಕೇಳಿದ್ದಕ್ಕೆ ತಕ್ಷಣ ಉತ್ತರ ಕೊಡುವುದಿಲ್ಲ. ಚೀಟಿ ಬಂದ ಮೇಲೆ ಎಲ್ಲರ ಬಾಯಲ್ಲೂ ಒಂದೇ ಮಾತಾಯಿತು: ಪಾಪ. ಮೊದ್ದು ಎಂದವರ ಮೇಲೆ ಅವಳಿಗೆ ಅಷ್ಟು ಸಿಟ್ಟಿರಲಿಲ್ಲ. ಪಾಪ ಎಂದವರನ್ನು ಕಂಡರೆ ಮೈ ಉರಿಯುತ್ತಿತ್ತು.

ಹೋದ ವರ್ಷ ತುಮಕೂರಿನ ಉಪ್ಪಾರಹಳ್ಳಿಯಲ್ಲಿ, ಒಂದು ಮಹಡಿಯ ಮೇಲೆ ಒಂದು ಸಂಸ್ಥೆ ಶುರುವಾಯಿತು. ಆಟಿಸಂ ಇರುವ ಹುಡುಗ ಹುಡುಗಿಯರಿಗೆ ಅಲ್ಲಿ ತರಬೇತಿ. ಅವರಿಗೆ ಕೆಲಸ ಸಿಗುವಂತೆ ಮಾಡಲು ಒಂದು ಆ್ಯಪ್. ಹೆಸರು 'ಮೊದಲ ಹೆಜ್ಜೆ'. ಫೋನಿನ ಮುಂದೆ ಕೂತು ಸಂದರ್ಶನದ ಅಭ್ಯಾಸ ಮಾಡಿದರೆ ಆ್ಯಪ್ ನೋಡಿ ಸರಿ ತಪ್ಪು ಹೇಳುತ್ತದೆ. ಸರಿಗೆ ಹಸಿರು, ತಪ್ಪಿಗೆ ಕೆಂಪು. ಕೊನೆಯಲ್ಲಿ ಒಂದು ಅಂಕ. ಆ ಅಂಕ ನೋಡಿ ಕಾರ್ಖಾನೆಯವರು ಕೆಲಸ ಕೊಡುತ್ತಾರೆ. ಇದರಲ್ಲಿ ದೊಡ್ಡ ವಿಶೇಷ ಏನೆಂದರೆ, ಆ್ಯಪ್‌ನ ವಿನ್ಯಾಸವನ್ನು ಆಟಿಸಂ ಇರುವ ವಿದ್ಯಾರ್ಥಿಗಳೇ ಮಾಡುತ್ತಾರಂತೆ. ಗೋಡೆಯ ಮೇಲೆ ಹಾಗೆಂದು ದಪ್ಪಕ್ಷರದಲ್ಲಿ ಬರೆಸಿದ್ದರು. ಹಣ ಕೊಡುವವರು ಬಂದಾಗ ಮೊದಲು ಆ ಗೋಡೆಯನ್ನೇ ತೋರಿಸುತ್ತಿದ್ದರು.

ಸಂಸ್ಥೆಯ ಯಜಮಾನ ಶಮಂತ್. ತರಬೇತಿ ಕೊಡುವವಳು ಅಮೂಲ್ಯಾ. ಆಯ್ಕೆಯ ದಿನ ಹನುಮಕ್ಕನ ಅರ್ಜಿ ನೋಡಿ ಅಮೂಲ್ಯಾ ಹೇಳಿದಳು:

"ಶಮಂತ್, ನೋಡಿಲ್ಲಿ. ಹುಡುಗಿ, ಎಸ್‌ಸಿ, ರೂರಲ್, ಆಟಿಸಂ. ಫಂಡ್ ಕೊಡೋರ ಫಾರ್ಮಲ್ಲಿ ಒಬ್ಬಳಲ್ಲೇ ನಾಲ್ಕು ಕಾಲಂ ಫಿಲ್ ಆಗುತ್ತೆ."

ಹನುಮಕ್ಕ ಎದುರಿನ ಕುರ್ಚಿಯಲ್ಲೇ ಕೂತಿದ್ದಳು. ಬೀರುವಿನ ಮುಂದೆ ನಿಂತು ಮಾತಾಡುವ ಹಾಗೆ ಅವಳ ಮುಂದೆ ಮಾತಾಡಿದರು. ಮುಖ ನೋಡದವಳಿಗೆ ಕಿವಿಯೂ ಇಲ್ಲ ಎಂದು ಓದಿದವರೂ ತಿಳಿದಿರುತ್ತಾರೆ.

ಮೊದಲ ದಿನ ಎಂಟು ವಿದ್ಯಾರ್ಥಿಗಳಿಗೂ ಬಣ್ಣದ ಚೀಟಿ ಕೊಟ್ಟರು. "ನೀವೇ ಡಿಸೈನರ್ಸ್. ಕೆಲಸ ಕೊಡೋರು ಹೇಗಿರಬೇಕು, ಆ್ಯಪ್ ಹೇಗಿರಬೇಕು, ಬರೀರಿ." ಹನುಮಕ್ಕ ಮೂರು ಚೀಟಿ ಬರೆದಳು. ಏನು ಕೇಳುತ್ತೀರಿ ಎಂದು ಮೊದಲೇ ತಿಳಿಸಬೇಕು. ಒಂದು ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಕಾಯಬೇಕು. ಮೈ ಮುಟ್ಟಬಾರದು. ಎಲ್ಲರ ಚೀಟಿಗಳನ್ನೂ ಗೋಡೆಗೆ ಅಂಟಿಸಿದರು. ಅವುಗಳ ಮುಂದೆ ಎಂಟು ಜನರನ್ನೂ ನಿಲ್ಲಿಸಿ ಫೋಟೊ ತೆಗೆದರು. ಮಾರನೇ ದಿನ ಫ್ಯಾನಿನ ಗಾಳಿಗೆ ಅರ್ಧ ಚೀಟಿ ಉದುರಿದ್ದವು. ಕಸ ಗುಡಿಸುವವಳು ಬಾಚಿ ಬುಟ್ಟಿಗೆ ಹಾಕಿದಳು. ವಿನ್ಯಾಸ ಅಲ್ಲಿಗೆ ಮುಗಿಯಿತು.

ಆಮೇಲೆ ಶುರುವಾದದ್ದು ಚಿತ್ರೀಕರಣ. ಎರಡು ದೊಡ್ಡ ದೀಪ, ನಡುವೆ ಒಂದು ಸ್ಟೂಲು. ಬೆಳಗ್ಗೆ ಹತ್ತರಿಂದ ಸಂಜೆ ಐದರವರೆಗೆ.

"ಹನು, ನೀನು ಟೆನ್ಷನ್ ಆದಾಗ ಕೈ ಹೇಗೆ ಆಡಿಸ್ತೀಯಾ? ಆಡಿಸು. ಇನ್ನೂ ಜೋರಾಗಿ. ಕೆಳಗೆ ನೋಡು. ಹಿಂದೆ ಮುಂದೆ ತೂಗಾಡು. ಸೂಪರ್. ಇನ್ನೊಂದ್ಸಲ."

ಬೇಕೆಂದಾಗ ಬರುವ ಚಲನೆ ಅದಲ್ಲ. ಡ್ರಮ್ಮಿನ ಸದ್ದು ತಲೆಯೊಳಗೆ ತುಂಬಿದಾಗ ಅದನ್ನು ಹೊರಗೆ ಹಾಕಲು ಕೈ ತಾನಾಗಿ ಕುಣಿಯುತ್ತದೆ. ಅವಳದೇ ಆದ ವಸ್ತು ಅದೊಂದೇ. ಅದನ್ನು ದೀಪದ ಬಿಸಿಯಲ್ಲಿ ನೂರು ಸಲ ಮಾಡಿಸಿದರು. ನಾಲ್ಕನೇ ದಿನ ಅವಳಿಗೆ ವಾಂತಿಯಾಯಿತು. ಐದನೇ ದಿನವೂ ಕರೆದರು. ಇದೆಲ್ಲ ಯಾತಕ್ಕೆ ಎಂದು ಕೇಳಿದರೆ, "ನಿನ್ನಿಂದ ಆ್ಯಪ್ ಕಲಿಯುತ್ತೆ" ಅಂದರು. ಹನುಮಕ್ಕನಿಗೆ ಅದು ಹೆಮ್ಮೆಯಾಗಿ ಕೇಳಿಸಿತು. ಅವ್ವನಿಗೂ ಹೇಳಿದಳು. ಅವ್ವ ಇಡೀ ಕಾಲೋನಿಗೆ ಹೇಳಿದಳು.

ಎರಡು ತಿಂಗಳ ಮೇಲೆ ಅವಳನ್ನು ಕೆಲಸಕ್ಕೇ ಇಟ್ಟುಕೊಂಡರು. ಕುರ್ಚಿ, ಮೇಜು, ಕಂಪ್ಯೂಟರ್. ಗುಬ್ಬಿ, ಕುಣಿಗಲ್ ಕಡೆಯ ತರಬೇತಿ ಮನೆಗಳಿಂದ ಸಂದರ್ಶನದ ವಿಡಿಯೊಗಳು ಬರುತ್ತಿದ್ದವು. ಅಮೂಲ್ಯಾ ಮತ್ತು ಅವಳ ಜೊತೆಯವರು ಹೋಗಿ ಅಲ್ಲಿಯ ಮಕ್ಕಳಿಗೆ ಪ್ರಶ್ನೆ ಕೇಳಿ ಚಿತ್ರೀಕರಿಸಿ ತರುತ್ತಿದ್ದರು. ಚಿತ್ರದಲ್ಲಿ ಕೇಳುವವರೂ ಕಾಣುತ್ತಿದ್ದರು. ಹನುಮಕ್ಕ ಆ ವಿಡಿಯೊಗಳನ್ನು ಒಂದೊಂದಾಗಿ ನೋಡಿ, ಎಲ್ಲಿ ತಪ್ಪು ಕಂಡಿತೋ ಅಲ್ಲಿ ನಿಲ್ಲಿಸಿ, ತಪ್ಪು ಇರುವ ಜಾಗದ ಮೇಲೆ ಕೆಂಪು ಚೌಕ ಎಳೆದು, ಏನು ತಪ್ಪು ಎಂದು ಬರೆಯಬೇಕು. ಸಾವಿರ ಸಲ ತೋರಿಸಿದರೆ ಆ್ಯಪ್ ತಾನೇ ಗುರುತಿಸಲು ಕಲಿಯುತ್ತದೆ. ಕೆಳಗೆ ನೋಡಿದರೆ ಕೆಂಪು. ಕೈ ಆಡಿಸಿದರೆ ಕೆಂಪು. ಉತ್ತರ ತಡವಾದರೆ ಕೆಂಪು. ನಿಯಮಗಳ ಹಾಳೆ ಕೊಟ್ಟಿದ್ದರು. ಪಕ್ಕದಲ್ಲಿ ತಪ್ಪು ಎಂದರೆ ಹೇಗಿರುತ್ತದೆ ಎಂದು ತೋರಿಸುವ ಮಾದರಿ ಚಿತ್ರ.

ಮಾದರಿ ಚಿತ್ರದಲ್ಲಿ ಇದ್ದವಳು ಹನುಮಕ್ಕ. ಸ್ಟೂಲಿನ ಮೇಲೆ ಕೂತು ಕೈ ಆಡಿಸುತ್ತಿದ್ದಾಳೆ. ಸುತ್ತ ಕೆಂಪು ಚೌಕ.

ಆ್ಯಪ್ ಅವಳಿಂದ ಕಲಿತದ್ದು ಇದನ್ನು. ಅವಳು ಅದನ್ನು ಬಹಳ ಹೊತ್ತು ನೋಡಿದಳು. ಎದ್ದು ಹೋಗಬೇಕೆನಿಸಿತು. ಆದರೆ ಹಿಂದಿನ ರಾತ್ರಿ ಅವ್ವ ಅವಳ ಬೆರಳನ್ನು ದೀಪಕ್ಕೆ ಹಿಡಿದು ನೋಡಿ, "ನೋಡೇ, ಚರ್ಮ ಹೊಸದಾಗಿ ಬಂದೈತೆ" ಎಂದು ಅತ್ತಿದ್ದಳು. ಹನುಮಕ್ಕ ಕೂತಳು. ಎರಡು ವಾರ ಅವರು ಹೇಳಿದ ಹಾಗೇ ಒತ್ತಿದಳು. ನೂರ ತೊಂಬತ್ತು ವಿಡಿಯೊ. ಒಂದೂ ಬಿಡದೆ ಮಕ್ಕಳ ಮೇಲೆಲ್ಲ ಕೆಂಪು.

ಶಮಂತ್ ಮೀಟಿಂಗಿನಲ್ಲಿ ಹೊಗಳಿದ. "ಹನು ಕೆಲಸಾನ ಚೆಕ್ ಮಾಡೋದೇ ಬೇಡ. ಇವರು ಮಷೀನ್ ಇದ್ದ ಹಾಗೆ. ಹೇಳಿದ್ದನ್ನ ಹಾಗೇ ಮಾಡ್ತಾರೆ, ತಲೆ ಓಡಿಸಲ್ಲ."

ಅಂದಿನಿಂದ ಅವಳ ಕೆಲಸವನ್ನು ಯಾರೂ ನೋಡಲಿಲ್ಲ. ಅವರು ಮಾಡಿದ ತಪ್ಪು ಅದು.

ನೂರ ತೊಂಬತ್ತೊಂದನೆಯದು ಕುಣಿಗಲ್‌ನ ವಿಡಿಯೊ. ಹದಿನೇಳೋ ಹದಿನೆಂಟೋ ವಯಸ್ಸಿನ ಹುಡುಗಿ. ಎಣ್ಣೆ ಹಚ್ಚಿ ಎರಡು ಜಡೆ ಹಾಕಿ, ಒಳ್ಳೆ ಬಟ್ಟೆ ಉಡಿಸಿ ಯಾರೋ ಕಳಿಸಿದ್ದಾರೆ. ಅಮೂಲ್ಯಾ ಕೇಳುತ್ತಾಳೆ, ನಿನ್ನ ಬಗ್ಗೆ ಹೇಳು. ಹುಡುಗಿ ಯೋಚಿಸುತ್ತಿದ್ದಾಳೆ. ತುಟಿ ಅಲುಗುತ್ತಿದೆ, ಉತ್ತರ ಬರುತ್ತಿದೆ. ಅಷ್ಟರಲ್ಲಿ ಎರಡನೇ ಪ್ರಶ್ನೆ, ಏನ್ ಓದಿದೀಯಾ? ಬಂದ ಉತ್ತರ ಹಿಂದಕ್ಕೆ ಹೋಯಿತು. ಮೂರನೇ ಪ್ರಶ್ನೆ, ಕೇಳಿಸ್ತಾ? ಆಮೇಲೆ ಅಮೂಲ್ಯಾಳ ಕೈ ಚಾಚಿ ಬಂದು ಆ ಹುಡುಗಿಯ ಗದ್ದ ಹಿಡಿದು ಮುಖವನ್ನು ಕ್ಯಾಮೆರಾದ ಕಡೆ ತಿರುಗಿಸಿತು. ಹುಡುಗಿ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡಳು.

ಕಣ್ಣು ಮುಚ್ಚಿದರೆ ಕೆಂಪು. ಹಾಳೆಯಲ್ಲಿ ಹಾಗೇ ಇತ್ತು.

ಹನುಮಕ್ಕನ ಬೆರಳು ಕೆಳಗೆ ಇಳಿಯಲಿಲ್ಲ. ವಿಡಿಯೊವನ್ನು ಹಿಂದಕ್ಕೆ ಎಳೆದು ಒಂಬತ್ತು ಸಲ ನೋಡಿದಳು. ತಪ್ಪು ಎಲ್ಲಿದೆ? ಕಣ್ಣಿನಲ್ಲಿ ಇರಲಿಲ್ಲ. ಯಾರು ಎಷ್ಟು ಸಲ ನೋಡಿದರೂ ಕಣ್ಣಿನಲ್ಲಿ ಇರಲಿಲ್ಲ. ಅವಳು ಅಮೂಲ್ಯಾಳ ಕೈ ಸುತ್ತ ಚೌಕ ಎಳೆದಳು. ಕೆಂಪು ಒತ್ತಿದಳು. ಬರೆದಳು: ಗದ್ದ ಹಿಡಿದು ಮುಖ ತಿರುಗಿಸಿದರು. ತಪ್ಪು. ಹಿಂದಕ್ಕೆ ಹೋಗಿ ಪ್ರಶ್ನೆ ಕೇಳುತ್ತಿದ್ದ ಅಮೂಲ್ಯಾಳ ಬಾಯಿಯ ಸುತ್ತ ಇನ್ನೊಂದು ಚೌಕ. ಉತ್ತರಕ್ಕೆ ಕಾಯಲಿಲ್ಲ. ತಪ್ಪು.

ಆಮೇಲೆ ಮೊದಲನೇ ವಿಡಿಯೊಗೆ ಹೋದಳು. ತಾನೇ ಎಳೆದ ಕೆಂಪುಗಳನ್ನು ಒಂದೊಂದಾಗಿ ಅಳಿಸಿದಳು. ಎಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಬಿತ್ತೋ, ಎಲ್ಲಿ ಕೇಳುವವರು ಒಬ್ಬರಿಗೊಬ್ಬರು ಕಣ್ಣು ಹೊಡೆದು ನಕ್ಕರೋ, ಎಲ್ಲಿ ಹೆಗಲು ಹಿಡಿದು ಅಲುಗಾಡಿಸಿದರೋ, ಅಲ್ಲೆಲ್ಲ ಹೊಸ ಚೌಕ ಎಳೆದಳು. ಆಮೇಲೆ ಇನ್ನೂ ನೋಡದೆ ಉಳಿದಿದ್ದ ವಿಡಿಯೊಗಳು. ಹೊಸದಾಗಿ ಬಂದವು. ಮಧ್ಯಾಹ್ನದ ಊಟ ಬಿಟ್ಟಳು. ಕತ್ತು ಸೆಟೆದು ಬಲಗೈ ಹೆಬ್ಬೆರಳು ಬಾತುಕೊಂಡಿತು. ಹತ್ತೊಂಬತ್ತು ದಿನ, ನಾಲ್ಕು ನೂರ ಹನ್ನೆರಡು ವಿಡಿಯೊ. ಇಷ್ಟು ನೆಟ್ಟಗೆ ಆ ಮಹಡಿಯ ಮೇಲೆ ಯಾರೂ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಆ್ಯಪ್ ಅದನ್ನೆಲ್ಲ ಕಲಿಯಿತು. ಬಿಡುಗಡೆಗೆ ಮೊದಲು ಯಾರೂ ಅದನ್ನು ಪರೀಕ್ಷಿಸಿ ನೋಡಲಿಲ್ಲ.

ಬಿಡುಗಡೆಯ ದಿನ ತುಮಕೂರಿನ ಒಂದು ಸಭಾಂಗಣದಲ್ಲಿ ಕಾರ್ಖಾನೆಗಳ ಮಾಲೀಕರು ತುಂಬಿದ್ದರು. ಹಣ ಕೊಟ್ಟವರು ಮುಂದಿನ ಸಾಲಿನಲ್ಲಿ. ಹನುಮಕ್ಕನನ್ನು ಕರೆದಿರಲಿಲ್ಲ, ಅವಳ ಫೋಟೊ ಮಾತ್ರ ಬ್ಯಾನರಿನಲ್ಲಿತ್ತು. ವೇದಿಕೆಯ ಮೇಲೆ ಅಮೂಲ್ಯಾ ಒಬ್ಬ ವಿದ್ಯಾರ್ಥಿಯನ್ನು ಕೂರಿಸಿಕೊಂಡು ಪ್ರಶ್ನೆ ಕೇಳಿದಳು. ಅವನು ಬಾಯಿ ತೆರೆಯುವ ಮೊದಲೇ ಇನ್ನೊಂದು ಕೇಳಿದಳು. ಹಿಂದಿನ ದೊಡ್ಡ ಪರದೆಯ ಮೇಲೆ ಕೆಂಪು ಚೌಕ ಬಂತು. ಅದು ಬಂದದ್ದು ಅಮೂಲ್ಯಾಳ ಬಾಯಿಯ ಸುತ್ತ. ಉತ್ತರಕ್ಕೆ ಕಾಯಲಿಲ್ಲ, ತಪ್ಪು. ಅವಳು ಗಾಬರಿಯಾಗಿ ವಿದ್ಯಾರ್ಥಿಯ ಭುಜ ಹಿಡಿದಳು. ಇನ್ನೊಂದು ಚೌಕ. ಮುಟ್ಟಿದರು, ತಪ್ಪು. ಸಭೆ ಗೊಳ್ಳೆಂದು ನಕ್ಕಿತು. "ಮೇಡಂಗೇ ಕೆಲ್ಸ ಸಿಗಲ್ಲ ಬಿಡ್ರಿ" ಎಂದು ಹಿಂದಿನಿಂದ ಒಬ್ಬ ಕೂಗಿದ. ಹಣ ಕೊಟ್ಟವರು ನಗಲಿಲ್ಲ. ಇದು ಹೇಗಾಯಿತು, ಬರೆದು ಕೊಡಿ ಅಂದರು.

ಮಾರನೇ ದಿನ ಬೆಳಗ್ಗೆ ನರಸಿಂಹಮ್ಮನಿಗೆ ಫೋನು ಬಂತು. ಅವಳು ಡ್ರಮ್ಮು ಬಿಟ್ಟು, ಒದ್ದೆ ಸೀರೆಯಲ್ಲೇ ಬಸ್ಸು ಹತ್ತಿ ಉಪ್ಪಾರಹಳ್ಳಿಗೆ ಬಂದಳು. ಸೋಡಾದ ಘಾಟು ಅವಳಿಗಿಂತ ಮೊದಲು ಕೋಣೆಯೊಳಗೆ ಬಂತು. ಅಮೂಲ್ಯಾ ಮೂಗಿನ ಹತ್ತಿರ ಕರ್ಚೀಫು ಹಿಡಿದಳು. ಕುರ್ಚಿಗಳಿದ್ದವು, ಕೂರಿ ಎಂದು ಯಾರೂ ಅನ್ನಲಿಲ್ಲ. ಅವರಿಬ್ಬರ ಮುಂದೆ ಪಿಂಗಾಣಿ ಲೋಟದಲ್ಲಿ ಕಾಫಿ ಇತ್ತು. ನರಸಿಂಹಮ್ಮನಿಗೆ ಪೇಪರ್ ಲೋಟ ಬಂತು. ಅವಳು ಅದನ್ನು ಮುಟ್ಟಲಿಲ್ಲ.

ಶಮಂತ್ ಒಂದು ಹಾಳೆ ಮುಂದಿಟ್ಟ.

"ನೋಡಿ ಅಮ್ಮ, ನಿಮ್ಮ ಮಗಳಿಂದ ನಮ್ಮ ಮರ್ಯಾದೆ ಹೋಯ್ತು. ಆದ್ರೂ ನಾವು ಕೆಲಸದಿಂದ ತೆಗೀತಿಲ್ಲ. ಇಲ್ಲೊಂದು ಸೈನ್ ಹಾಕಿ ಸಾಕು. ಅವಳಿಗೆ ಬುದ್ಧಿ ಮಟ್ಟ ಕಡಿಮೆ, ಏನು ಮಾಡ್ತಿದೀನಿ ಅಂತ ತಿಳೀದೆ ಒತ್ತಿದಾಳೆ, ಅವಳು ಮಾಡಿದ್ದನ್ನೆಲ್ಲ ಅಳಿಸಬಹುದು ಅಂತ ಬರ್ದಿದೀವಿ. ಗಾರ್ಡಿಯನ್ ಸೈನ್ ನಿಮ್ಮದು."

ಕೆಲಸಕ್ಕೆ ಸೇರುವಾಗ ಹನುಮಕ್ಕನೇ ಸಹಿ ಹಾಕಿದ್ದಳು. ಚಿತ್ರೀಕರಣಕ್ಕೆ ಒಪ್ಪಿಗೆ ಕೊಡುವಾಗಲೂ ಅವಳದೇ ಸಹಿ ನಡೆದಿತ್ತು. ಆಗ ಅವಳು ದೊಡ್ಡವಳು, ತಿಳಿದವಳು. ಈಗ ಗಾರ್ಡಿಯನ್ ಬೇಕು. ಕಾರಣ ಸರಳ. ತಿಳಿದು ಒತ್ತಿದಳು ಎಂದಾದರೆ, ಅವಳು ಕೆಂಪು ಎಳೆದ ನಾಲ್ಕು ನೂರ ಹನ್ನೆರಡು ವಿಡಿಯೊಗಳನ್ನು ಹಣ ಕೊಟ್ಟವರು ತೆರೆದು ನೋಡಬೇಕಾಗುತ್ತದೆ. ತಿಳಿಯದೆ ಒತ್ತಿದಳು ಎಂದಾದರೆ ಯಾರೂ ಏನೂ ನೋಡಬೇಕಿಲ್ಲ.

"ಪಾಪ, ಅವಳದೇನೂ ತಪ್ಪಿಲ್ಲಮ್ಮ" ಎಂದಳು ಅಮೂಲ್ಯಾ. "ಅದು ಅವಳ ಕಂಡೀಷನ್."

ಮೂಲೆಯಲ್ಲಿ ತನ್ನ ಮೇಜಿನ ಮುಂದೆ ಕೂತಿದ್ದ ಹನುಮಕ್ಕನ ಕೈ ಕುಣಿಯತೊಡಗಿತು. ನರಸಿಂಹಮ್ಮ ಅವಳ ಕಡೆ ತಿರುಗಿದಳು. ಅವಳ ಸಿಟ್ಟು ಮಗಳ ಮೇಲೇ ಬಂತು. ಬಡವರ ಸಿಟ್ಟು ಮೊದಲು ಮನೆಯವರ ಮೇಲೇ ಬರುತ್ತದೆ.

"ಏನ್ಲೇ ಮಾಡ್ದೆ ನೀನು? ಆ ಕುರ್ಚಿ ಮ್ಯಾಲೆ ನಿನ್ನ ಕೂರ್ಸೋಕೆ ಎಷ್ಟು ದೇವ್ರಿಗೆ ಕೈ ಮುಗ್ದಿದೀನಿ ಗೊತ್ತೇನೇ? ನಿನ್ ಕೈ ನನ್ ಕೈ ಥರ ಆಗೋದು ಬ್ಯಾಡ ಅಂತ ತಾನೆ ನಾನು ಸಾಯ್ತಿರೋದು?"

ಹನುಮಕ್ಕ ಕುಣಿಯುವ ಕೈಯನ್ನೇ ನೋಡುತ್ತ ಕೂತಳು.

"ತಿಳೀದೆ ಒತ್ಬುಟ್ಟೆ ತಾನೆ? ಹೂಂ ಅನ್ನು. ಒಂದೇ ಒಂದ್ಸಲ ಹೂಂ ಅನ್ನವ್ವ, ಸೈನ್ ಹಾಕಿ ನಡೀತೀನಿ."

ಕೋಣೆಯಲ್ಲಿ ಎಲ್ಲರೂ ಕಾದರು. ಅವಳ ಉತ್ತರಕ್ಕೆ ಆ ಮಹಡಿಯ ಮೇಲೆ ಜನ ಕಾದದ್ದು ಅದೇ ಮೊದಲು.

"ಗೊತ್ತಿದ್ದೇ ಒತ್ತಿದ್ದು" ಎಂದಳು ಹನುಮಕ್ಕ.

"ನೋಡಿದ್ರಾ, ಅವಳಿಗೆ ಪ್ರಶ್ನೆನೇ ಅರ್ಥ ಆಗ್ತಿಲ್ಲ" ಎಂದ ಶಮಂತ್. "ನೀವು ಸೈನ್ ಹಾಕಿ ಅಮ್ಮ."

ನರಸಿಂಹಮ್ಮ ಪೆನ್ನು ತೆಗೆದುಕೊಂಡಳು. ಹೆಸರು ಬರೆಯುವಷ್ಟು ಅಕ್ಷರ ಅವಳಿಗೆ ಬರುತ್ತಿತ್ತು. ಪೆನ್ನಿನ ಮುಚ್ಚಳ ತೆಗೆದಳು. ಆಗ ಹನುಮಕ್ಕ ಕಂಪ್ಯೂಟರನ್ನು ಅವಳ ಕಡೆ ತಿರುಗಿಸಿ ಕುಣಿಗಲ್ಲಿನ ಹುಡುಗಿಯ ವಿಡಿಯೊ ಹಾಕಿದಳು. ಎರಡು ಜಡೆ. ಪ್ರಶ್ನೆಯ ಮೇಲೆ ಪ್ರಶ್ನೆ. ಗದ್ದ ಹಿಡಿದ ಕೈ, ಬೆರಳಲ್ಲಿ ಉಂಗುರ. ಮುಚ್ಚಿಕೊಂಡ ಕಣ್ಣು. ಕೈಯ ಸುತ್ತ ಕೆಂಪು ಚೌಕ.

ನರಸಿಂಹಮ್ಮ ನೋಡಿದಳು. ಆಮೇಲೆ ಅಮೂಲ್ಯಾಳ ಕೈ ನೋಡಿದಳು. ಬೆರಳಿನಲ್ಲಿ ಅದೇ ಉಂಗುರ.

"ಈ ಕೆಂಪು ಯಾಕವ್ವ?"

"ಗದ್ದ ಹಿಡಿದವ್ರೆ. ನೋವಾಗುತ್ತೆ. ಮುಖದೊಳಗೆ ಬೆಂಕಿ ಇಟ್ಟಂಗೆ ಆಗುತ್ತೆ."

ನರಸಿಂಹಮ್ಮನ ಕೈಯಲ್ಲಿ ಪೆನ್ನು ನಿಂತಿತು. "ನಾನೂ ಹಿಂಗೇ ಹಿಡೀತಿದ್ನಲ್ಲೇ. ಮಾತಾಡ್ಸಿದ್ರೆ ನೀನು ನೋಡ್ತಿರ್ಲಿಲ್ಲ ಅಂತ. ದಿನಾ ಹಿಡೀತಿದ್ನಲ್ಲ."

"ನೀನೂ ಕೆಂಪು" ಎಂದಳು ಹನುಮಕ್ಕ.

ಸುಳ್ಳು ಹೇಳಿ ಸಮಾಧಾನ ಮಾಡುವುದು ಅವಳಿಗೆ ಗೊತ್ತಿಲ್ಲ. ನರಸಿಂಹಮ್ಮನಿಗೆ ಆ ಮಾತು ಕೆನ್ನೆಗೆ ಹೊಡೆದ ಹಾಗಾಯಿತು. ಇಪ್ಪತ್ತೆರಡು ವರ್ಷ ಸಾಕಿದ ಮಗಳು ಮೊದಲ ಸಲ ತನಗೆ ಏನು ನೋವಾಗುತ್ತಿತ್ತು ಎಂದು ಹೇಳಿದ್ದಳು. ಕೇಳುವವರು ಯಾರೂ ಇಲ್ಲದೆ ಇಷ್ಟು ವರ್ಷ ಹೇಳಿರಲಿಲ್ಲ. ನರಸಿಂಹಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲೆ ಇಟ್ಟಳು.

"ಸಾ, ನನ್ ಮಗಳು ಗೊತ್ತಿದ್ದೇ ಮಾಡವ್ಳೆ. ಸರಿಯಾಗೇ ಮಾಡವ್ಳೆ. ಗೊತ್ತಿಲ್ದೆ ಮಾಡವ್ಳೆ ಅಂತ ನಾನು ಹೆಂಗೆ ರುಜು ಹಾಕ್ಲಿ?"

ಶಮಂತನ ದನಿ ಬದಲಾಯಿತು. "ಯೋಚನೆ ಮಾಡಿ ಮಾತಾಡಮ್ಮ. ಸೈನ್ ಇಲ್ಲ ಅಂದ್ರೆ ಕೆಲಸಾನೂ ಇಲ್ಲ. ನಾಳೆಯಿಂದ ನಿನ್ ಜೊತೆ ಡ್ರಮ್ ತೊಳೆಯೋಕೇ ಹೋಗಬೇಕು. ಇವಳನ್ನ ಬೇರೆ ಯಾರು ಕೂರಿಸಿಕೊಳ್ತಾರೆ?"

"ಹದ್ನಾಲ್ಕು ವರ್ಷದಿಂದ ಡ್ರಮ್ಮು ತೊಳೀತಿದೀನಿ ಕಣಪ್ಪ. ಶೆಡ್ಡಿನೋರು ಚರ್ಮ ತಗೊಂಡವ್ರೆ. ನಿಂಗೆ ಬುದ್ಧಿ ಇಲ್ಲ ಅಂತ ಬರ್ಕೊಡು ಅಂತ ಅವ್ರೂ ಕೇಳಿಲ್ಲ."

"ಹನು, ನೀನಾದ್ರೂ ಹೇಳು" ಎಂದು ಅಮೂಲ್ಯಾ ಎದ್ದು ಬಂದಳು. "ನಾವೆಲ್ಲ ನಿನಗೋಸ್ಕರ ತಾನೆ ಇಷ್ಟೆಲ್ಲ ಮಾಡಿದ್ದು? ಆ್ಯಪ್ ನಿಂದೇ ತಾನೆ?"

ಹನುಮಕ್ಕ ಎದ್ದಳು. ಕೈ ಕುಣಿಯುತ್ತಲೇ ಇತ್ತು, ಅವಳು ತಡೆಯಲಿಲ್ಲ. ಪ್ರಿಂಟರಿನಿಂದ ಒಂದು ಬಿಳಿ ಹಾಳೆ ಎಳೆದುಕೊಂಡಳು. ಅವ್ವ ಇಟ್ಟಿದ್ದ ಪೆನ್ನು ತೆಗೆದುಕೊಂಡು ನಿಂತೇ ಬರೆದಳು. ದುಂಡಗೆ, ಒತ್ತಿ ಬರೆದಳು.

'ನಾನು ಹನುಮಕ್ಕ. ವಯಸ್ಸು ಇಪ್ಪತ್ತೆರಡು. ನಾಲ್ಕು ನೂರ ಹನ್ನೆರಡು ವಿಡಿಯೊ ನೋಡಿದ್ದೇನೆ. ನನಗೆ ಅರ್ಥವಾಗಿದೆ. ನಾನು ಒತ್ತಿದ ಕೆಂಪು ಸರಿ ಇದೆ. ಅಳಿಸಬಾರದು.'

ಕೆಳಗೆ ಸಹಿ ಹಾಕಿ ಶಮಂತನ ಮುಂದೆ ಇಟ್ಟಳು. ಅವನು ಓದಿದ. ಓದಿ ಎರಡು ಚೂರು ಮಾಡಿ, ಆ ಎರಡನ್ನು ನಾಲ್ಕು ಮಾಡಿ ಬುಟ್ಟಿಗೆ ಹಾಕಿದ.

ಹನುಮಕ್ಕ ಇನ್ನೊಂದು ಹಾಳೆ ಎಳೆದುಕೊಂಡಳು. 'ನಾನು ಹನುಮಕ್ಕ' ಎಂದು ಮೊದಲಿಂದ ಶುರುಮಾಡಿದಳು. ಅದೇ ಮಾತು, ಅದೇ ಸಾಲು. ಅದನ್ನೂ ಅವನು ಹರಿದ. ಅವಳು ಮೂರನೆಯದು ತೆಗೆದುಕೊಂಡಳು.

"ಏಯ್, ಹುಚ್ಚು ಹಿಡಿದಿದೆಯಾ ನಿಂಗೆ?" ಎಂದು ಶಮಂತ್ ಕಿರುಚಿದ.

ನರಸಿಂಹಮ್ಮ ಪ್ರಿಂಟರಿನ ಹತ್ತಿರ ಹೋದಳು. ಕೆಳಗಿನ ಶೆಲ್ಫಿನಲ್ಲಿ ಇನ್ನೂ ಒಡೆಯದ ಹಾಳೆಯ ಕಟ್ಟು ಇತ್ತು. ಎತ್ತಿ ತಂದಳು, ಹಲ್ಲಿನಿಂದ ಕಚ್ಚಿ ಸುತ್ತಿನ ಕಾಗದ ಸೀಳಿದಳು, ಮಗಳ ಮುಂದೆ ಇಟ್ಟಳು. ಅಲ್ಲಿದ್ದ ಕುರ್ಚಿಯೊಂದನ್ನು ಎಳೆದುಕೊಂಡು ಯಾರನ್ನೂ ಕೇಳದೆ ಅವಳ ಪಕ್ಕದಲ್ಲಿ ಕೂತಳು.

"ಬರಿಯವ್ವ," ಅಂದಳು. "ಎಷ್ಟು ಹರೀತಾನೋ ಹರೀಲಿ."